ದಿಗ್ವಿಜಯಕ್ಕೊಂದು ಸ್ವಂತ ವಾಕ್ಯ

ಇಂದು ಚಿಂತಾಮಣಿಯ ಸರ್ಕಲ್ಲಿನಲ್ಲಿ ಯಾರದೋ 'ದಿಗ್ವಿಜಯ'ದ ಬ್ಯಾನರ್ ಕಂಡೆ. ಆ ಪದ ನಾನು ಕಲಿತದ್ದು ಶಿಡ್ಲಘಟ್ಟದ ಬಳಿಯ ನಮ್ಮೂರ ಶಾಲೆಯಲ್ಲಿ. ಆಗಷ್ಟೇ ಪಟೇಲರು ಊರ ಗೋಮಾಳಕ್ಕೆ ಬೇಲಿ ಹಾಕಿಸಿ ಹಿಪ್ಪುನೇರಳೆ ನೆಡಿಸಿದ್ದರು. ನಮ್ಮಜ್ಜಿಯ ಎಮ್ಮೆಗೆ ಮೇಯಲು ಬೇರೆ ಜಾಗವಿರಲಿಲ್ಲ. ಅದರ ಹಾಲಿನಿಂದಲೇ ನಮ್ಮ ಮನೆ ನಡೆಯುತ್ತಿತ್ತು.

ದಿಗ್ವಿಜಯವೆಂದರೆ ಎಲ್ಲ ದಿಕ್ಕುಗಳನ್ನೂ ಗೆಲ್ಲುವುದು ಎಂದ ಮೇಷ್ಟ್ರು, ಸ್ವಂತ ವಾಕ್ಯ ಬರೆಯಲು ಹೇಳಿದರು. 'ಪಟೇಲರು ಗೋಮಾಳವನ್ನು ದಿಗ್ವಿಜಯ ಮಾಡಿದರು' ಎಂದು ಸ್ಲೇಟಿನ ಮೇಲೆ ಬರೆದೆ.

"ಯಾರಾದ್ರೂ ರಾಜರ ಹೆಸರು ಬರಿಯಮ್ಮ," ಎಂದು ಅವರು ಅಂಗೈಯಿಂದಲೇ ಅಳಿಸಿದರು.

"ಮತ್ತೆ ಪಟೇಲ್ರು ಮಾಡಿದ್ದಕ್ಕೆ ಏನಂತಾರೆ ಮೇಷ್ಟ್ರೇ?"

"ಅದು ಪರೀಕ್ಷೆಗೆ ಬರಲ್ಲ. ಕೂತ್ಕೊ."

ಒಂಟಿಯಾಗಿದ್ದ ಮೇಷ್ಟ್ರಿಗೆ ಊರವರು ಸರದಿಯ ಮೇಲೆ ಊಟ ಹಾಕುತ್ತಿದ್ದರು. ಆ ವಾರವಿಡೀ ಪಟೇಲರ ಮನೆಯ ಸರದಿ.

ಮುಂದಿನ ವಾರ ನಮ್ಮದು. ಅಜ್ಜಿ ಮುದ್ದೆ, ಸಾರು ಬಡಿಸಿ, "ಮಜ್ಜಿಗೆ ಇಲ್ಲ ಮೇಷ್ಟ್ರೇ, ಎಮ್ಮೆ ಮಾರಿಬಿಟ್ವಿ," ಅಂದಳು.

ಮೇಷ್ಟ್ರು ತಲೆಯೆತ್ತಲಿಲ್ಲ. "ಸಾರು ಚೆನ್ನಾಗಿದೆಯಮ್ಮ," ಎಂದರು.

ಇಂದು ಬ್ಯಾನರಿನ ಕೆಳಗೆ ಲಾಡು ಹಂಚುತ್ತಿದ್ದರು. ಗೆದ್ದದ್ದು ಏನನ್ನು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ನನ್ನ ಕೈಗೂ ಒಂದು ಬಂತು. ತಲೆ ತಗ್ಗಿಸಿಕೊಂಡು ತಿಂದೆ.