ಲಿಂಗಮ್ಮನ ಮರಣದ ಪುಟ

ಜಗದೀಶನಿಗೆ ತಾಳ್ಮೆ ಹುಟ್ಟಿನಿಂದಲೇ ಇರಲಿಲ್ಲ. ಊಟಿಯಲ್ಲಿ ಅಪ್ಪ ಸ್ವೆಟರ್ ಮಾರುತ್ತಿದ್ದ ಅಂಗಡಿಯಲ್ಲೇ ಕೂತು ಈಗ ಅವನು ವೆಬ್‌ಸೈಟ್ ಮಾಡಿಕೊಡುತ್ತಾನೆ. ಕೆಲಸದಲ್ಲಿ ಬಲು ಚುರುಕು. ಮಾಡಿದ್ದನ್ನು ಇನ್ನೊಮ್ಮೆ ನೋಡು ಅಂದರೆ ಮಾತ್ರ ಮೂಗಿನ ತುದಿಗೇ ಕೋಪ.

ಊಟಿ ಹತ್ತಿರದ ಸೋಲೂರಿನ ಟೀ ಬೆಳೆಗಾರರ ಸಂಘದ ಸೈಟಿಗೆ ಅವನೇ ಒಂದು ಕೋಡ್ ಬರೆದು ಸೇರಿಸಿದ್ದ. ಸಾವಾದ ದಿನ ಅಲ್ಲಿ ಯಾರೂ ಎಲೆ ಕೀಳುವುದಿಲ್ಲ, ಹಾಗಾಗಿ ಸುದ್ದಿ ಬೇಗ ಮುಟ್ಟಬೇಕು. ಮರಣ ವಾರ್ತೆಯ ಪುಟ ಸೇವ್ ಆದ ಕೂಡಲೇ ಕೋಡ್ ತಾನಾಗಿ ಓಡಿ ಎಲ್ಲರ ಫೋನಿಗೂ ಮೆಸೇಜ್ ಕಳಿಸುತ್ತಿತ್ತು. ಪುಟ ಪ್ರಕಟವಾಗಿದೆಯೋ ಇನ್ನೂ ಕರಡೋ ಎಂದು ಅದು ಮೊದಲು ನೋಡಿಕೊಳ್ಳಬೇಕಿತ್ತು. ಆ ಒಂದು ಸಾಲು ಬರೆಯಲು ಜಗದೀಶನಿಗೆ ಪುರುಸೊತ್ತಾಗಿರಲಿಲ್ಲ.

ಒಂದು ಬೆಳಿಗ್ಗೆ ಸೋಲೂರಿನ ಲಿಂಗಮ್ಮ ಬಸ್ಸಿಳಿದು, ಗಟ್ಟಿಮುಟ್ಟಾಗಿ ನಡೆದುಕೊಂಡೇ ಅಂಗಡಿಗೆ ಬಂದರು.

"ನನ್ ಸಾವಿನ್ ಪೇಜ್ ಈಗ್ಲೇ ಮಾಡಿಡಪ್ಪ. ಸತ್ಮೇಲೆ ಸಂಘದವ್ರು ರೇಷನ್ ಕಾರ್ಡ್ ಫೋಟೋ ಹಾಕ್ಬಿಡ್ತಾರೆ. ನನ್ ತಂಗಿ ಈಶ್ವರಿ ಬೇಲಿ ಜಗಳದಿಂದ ಮಾತು ಬಿಟ್ಟವ್ಳೆ. ಫೋಟೋ ನೋಡಿಯಾದ್ರೂ ಮಣ್ಣಿಗೆ ಬರ್ಬೇಕು."

ಜಗದೀಶ ಆಕೆ ತಂದಿದ್ದ ಫೋಟೋಗಳಲ್ಲಿ ಒಂದನ್ನು ಹಾಕಿ, ಕರಡಾಗಿ ಸೇವ್ ಮಾಡಿದ. ಕಿವಿಯ ಓಲೆ ಕಾಣುವುದಿಲ್ಲ ಎಂದರು ಲಿಂಗಮ್ಮ. ಬೇರೆಯದು ಹಾಕಿದ, ಸೇವ್. ಸೆರಗು ಸರಿಯಿಲ್ಲ. ಮತ್ತೊಂದು, ಸೇವ್. ಅಷ್ಟರಲ್ಲಿ ಸಂಘದ ಅಧ್ಯಕ್ಷ ಬೆಟ್ಟಯ್ಯನವರ ಫೋನ್ ಬಂತು.

"ಏನಪ್ಪಾ ಜಗದೀಶ, ಲಿಂಗಮ್ಮ ಎಷ್ಟ್ ಸಲ ಸಾಯ್ತಾಳೆ? ಇಲ್ಲಿ ಲೀಫ್ ಕೀಳೋದು ಬಿಟ್ಟು ಜನ ಎಲ್ಲಾ ಬಂದು ಕೂತವ್ರೆ!"

ಪ್ರತಿ ಸೇವ್‌ಗೂ ಊರಿಗೆಲ್ಲ ಮೆಸೇಜ್ ಹೋಗಿದೆ ಎಂದು ಜಗದೀಶನಿಗೆ ಆಗ ಹೊಳೆಯಿತು. ಲಿಂಗಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಸೋಲೂರಿಗೆ ಹೊರಟ. ದಾರಿಯುದ್ದಕ್ಕೂ ಆಕೆ ಕೇಳಿದ್ದು ಒಂದೇ: "ಈಶ್ವರಿ ಬಂದವ್ಳಾ?"

ಬಂದಿದ್ದಳು. ಮನೆ ಮೆಟ್ಟಿಲ ಮೇಲೆ ಕೂತು ಎದೆ ಬಡಿದುಕೊಂಡು ಅಳುತ್ತಿದ್ದಳು. ಆಟೋದಿಂದ ಅಕ್ಕ ಇಳಿದದ್ದು ಕಂಡು ಕಿಟಾರನೆ ಕಿರುಚಿದಳು. ಆಮೇಲೆ ಬಂದ ಸಿಟ್ಟಿಗೆ ಹೆಗಲ ಶಾಲು ತೆಗೆದು ಅಕ್ಕನಿಗೂ ಜಗದೀಶನಿಗೂ ಸೇರಿಸಿ ಬೀಸಿದಳು. ಜಗದೀಶ ತಪ್ಪು ತನ್ನದೇ ಎಂದು ಕೈಮುಗಿದ; ಕೇಳುವವರು ಯಾರೂ ಇರಲಿಲ್ಲ. ಕೂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕೊನೆಗೆ ಅಕ್ಕತಂಗಿಯರು ಒಂದೇ ಮೆಟ್ಟಿಲ ಮೇಲೆ ಟೀ ಹಿಡಿದು ಕೂತರು. ಈಶ್ವರಿ ಮೂಗೊರೆಸಿಕೊಂಡು ಜಗದೀಶನ ಕಡೆ ತಿರುಗಿದಳು.

"ನಂದೂ ಒಂದ್ ಪೇಜ್ ಮಾಡಪ್ಪ. ಇವ್ಳು ನನ್ಗೋಸ್ಕರ ಓಡ್ ಬರ್ತಾಳಾ ನೋಡ್ಬೇಕು."

"ಬ್ಯಾಡ ಕಣೆ," ಅಂದರು ಲಿಂಗಮ್ಮ. "ನಾಳೆ ಸುಮ್ನೆ ಬರ್ತೀನಿ."