ಚಿಗವ್ವನ ಕೆನ್ನೆಗಳು

ಚಿಗವ್ವನ ಕೆನ್ನೆಯ ಚರ್ಮ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ಕೆಂಪು ನರಗಳು ದಾರದ ಎಳೆಗಳಂತೆ ಕಾಣುತ್ತಿದ್ದವು. ಒಲೆಯ ಮುಂದೆ ರೊಟ್ಟಿ ಬಡಿಯಲು ಕೂತರೆ ಮುಖ ಧಗಧಗ ಉರಿಯುತ್ತಿತ್ತು. ಹೊರಗೆ ಹೊರಟರೆ ಸೆರಗನ್ನು ಕಣ್ಣಿನವರೆಗೂ ಎಳೆದುಕೊಳ್ಳುತ್ತಿದ್ದಳು.

ಆಕೆ ನನ್ನ ತಾಯಿಯ ತಂಗಿ, ನರಗುಂದದ ಕಾಳಿನ ವ್ಯಾಪಾರಿಯ ಹೆಂಡತಿ. ನರೇಗಲ್ಲಿನಿಂದ ಕಾಲೇಜಿಗೆಂದು ನಾನು ಅವರ ಮನೆಗೆ ಬಂದಾಗ ನನ್ನ ಮುಖದ ತುಂಬ ಕೀವು ತುಂಬಿದ ಮೊಡವೆಗಳು. ಮೇಲಿಂದ ಮೇಲೆ ಸಾಬೂನು ಹಚ್ಚಿ ತಿಕ್ಕುತ್ತಿದ್ದೆ.

"ಮೆಲ್ಲಕ ತೊಳಿ. ಅದು ಮಾರಿ, ಭಾಂಡೆ ಅಲ್ಲ," ಎನ್ನುತ್ತಿದ್ದಳು.

ಒಂದು ದಿನ ಆಕೆಯ ಕ್ರೀಮಿನ ಟ್ಯೂಬಿಗೆ ಕೈ ಹಾಕಿದೆ. ಥಟ್ಟನೆ ಕಸಿದುಕೊಂಡು ನನ್ನನ್ನು ಹಿತ್ತಲಿಗೆ ಕರೆದೊಯ್ದಳು. ಸೆರಗು ಸರಿಸಿ ಬಿಸಿಲಿಗೆ ಮುಖವೊಡ್ಡಿ ನಿಂತಳು.

"ನೋಡಿಲ್ಲೆ. ನನಗೂ ನಿನ್ನಂಗ ಗುಳ್ಳಿ ಇದ್ವು. ಲಗ್ನದ ಮುಂದ ಅಂಗಡ್ಯಾಗ ಇದನ್ನ ಕೊಟ್ರು. ಎಂಟ ದಿನದಾಗ ಮಾರಿ ಬೆಣ್ಣಿ ಹಂಗಾತು. ಈಗ ಹಚ್ಚಿದರ ಸುಡತೈತಿ, ಬಿಟ್ಟರ ಮತ್ತ ಏಳತಾವು."

ಮರುದಿನವೇ ಗದಗಿನ ಚರ್ಮದ ಡಾಕ್ಟರರಲ್ಲಿಗೆ ಕರೆದೊಯ್ದಳು. ಅವರು ನನಗೆ ರಾತ್ರಿ ಹಚ್ಚುವ ಔಷಧಿ, ಬಿಸಿಲಿಗೊಂದು ಕ್ರೀಮು ಬರೆದುಕೊಟ್ಟು, ಅವಸರ ಮಾಡಬೇಡ ಎಂದರು. ಆಮೇಲೆ ಚಿಗವ್ವನ ಕೆನ್ನೆ ನೋಡಿದರು. ಆ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇದೆ, ಚರ್ಮ ತೆಳುವಾಗಿರುವುದು ಅದರಿಂದಲೇ, ಬಿಡಲೇಬೇಕು ಎಂದರು.

"ಬಿಟ್ಟಕೂಡ್ಲೆ ಇನ್ನೂ ಕೆಡತೈತ್ರಿ. ಕೆಲವು ತಿಂಗಳು ತಡಕೋಬೇಕು."

ಬಸ್ಸಿನಲ್ಲಿ ಆಕೆ ನನ್ನ ಕೈ ಹಿಡಿದಳು. "ಇಬ್ಬರೂ ಕೂಡೇ ಮಾಡೂಣು."

ಹಾಗೆ ಮುಂಜಾನೆ, ಸಂಜೆ ಬಚ್ಚಲಿನಲ್ಲಿ ಜೊತೆಯಾಗಿ ಮುಖ ತೊಳೆದೆವು. ಒರೆಸುವಾಗ ಟವೆಲನ್ನು ಒತ್ತಬೇಕೇ ಹೊರತು ಉಜ್ಜಬಾರದೆಂದು ಆಕೆಯೇ ನೆನಪಿಸುತ್ತಿದ್ದಳು. ನನ್ನ ಮೊಡವೆಗಳು ನಿಧಾನವಾಗಿ ಆರತೊಡಗಿದವು. ಆಕೆಯ ಮುಖ ಊದಿತು, ಕೀವಾಯಿತು, ದಿಂಬಿಗೆ ಕೆನ್ನೆ ತಾಗಿಸಲೂ ಆಗದಾಯಿತು. ಆಕೆಯ ಗಂಡ, ನನ್ನ ಕಾಕಾ, ಮನೆಯಲ್ಲಿ ಉಣ್ಣುವುದು ಬಿಟ್ಟು ಊಟದ ಡಬ್ಬಿಯನ್ನು ಅಂಗಡಿಗೆ ತರಿಸಿಕೊಳ್ಳತೊಡಗಿದರು.

ಚಿಗವ್ವನ ಮೈದುನನ ನಿಶ್ಚಯದ ದಿನ ಆಕೆಯ ಅತ್ತೆ ಬಂದು, "ಇವತ್ತೊಂದ ದಿನ ಒಳಗ ಇರವಾ. ಬೀಗರು ಏನರ ತಿಳಕೊಂಡಾರು," ಎಂದರು. ಚಿಗವ್ವ ಇಡೀ ದಿನ ಅಡಿಗೆಮನೆಯಲ್ಲೇ ಹೋಳಿಗೆ ಬೇಯಿಸುತ್ತ ಕೂತಳು.

ಮರುದಿನ ಮುಂಜಾನೆ ಆಕೆ ಬಚ್ಚಲಿಗೆ ಬರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಕನ್ನಡಿಯ ಮುಂದೆ ಹಳೆಯ ಟ್ಯೂಬ್ ಹಿಡಿದು ಕೂತಿದ್ದಳು.

"ನೀ ಬಿಡಬ್ಯಾಡ," ಎಂದಳು. "ನನ್ನ ಕಡಿಂದ ಆಗಲಿಲ್ಲ."

ಆಮೇಲೆ ಎಷ್ಟು ಕಾಡಿದರೂ ಆಕೆ ಮತ್ತೆ ಗದಗಿಗೆ ಬರಲಿಲ್ಲ. ಕಳೆದ ಮಳೆಗಾಲ ಡೆಂಗ್ಯೂ ಬಂತು. ಹುಬ್ಬಳ್ಳಿಯ ದವಾಖಾನೆಗೆ ಹೋದವಳು ಜೀವಂತವಾಗಿ ಮರಳಲಿಲ್ಲ.

ಗೋಡೆಗೆ ಹಾಕಲು ಫೋಟೊ ಹುಡುಕಿದೆವು. ಮದುವೆಯ ನಂತರದ್ದು ಒಂದೂ ಇರಲಿಲ್ಲ. ಡಾಕ್ಟರರಿಗೆ ತೋರಿಸಲೆಂದು ನಾನು ತೆಗೆದದ್ದೊಂದು ಮಾತ್ರ ನನ್ನ ಫೋನಿನಲ್ಲಿತ್ತು. ಊದಿದ ಮುಖದಲ್ಲೂ ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ಕಾಕಾ ಅದನ್ನು ಬಹಳ ಹೊತ್ತು ನೋಡಿದರು.

"ಇದ ಬ್ಯಾಡವಾ. ಮಂದಿ ನೋಡತಾರ."

ಮದುವೆಯ ಫೋಟೊಕ್ಕೇ ಹಾರ ಬಿತ್ತು. ಸಾವಿನ ಮನೆಗೆ ಮಾತಾಡಿಸಲು ಬಂದ ಓಣಿಯ ಹೆಂಗಸೊಬ್ಬರು ನನ್ನ ಗಲ್ಲ ಹಿಡಿದು, "ನಿನ್ನ ಮಾರಿ ಎಷ್ಟ ಚಲೋ ಆತಲ್ಲವಾ, ಏನ ಹಚ್ಚಿದಿ?" ಎಂದು ಕೇಳಿದರು.