ಅತ್ತೆಯ ಮೂರು ಬೆರಳು

ಹಿಂದೂಪುರದ ಒಂದು ಆಸ್ಪತ್ರೆಯಲ್ಲಿ ನನಗೆ ಸಿಸೇರಿಯನ್ ಆದ ಮೂರನೆಯ ದಿನ ಕಲ್ಯಾಣದುರ್ಗದಿಂದ ಅತ್ತೆ ಬಂದರು, ವಿಭೂತಿ ಗಟ್ಟಿಯ ಸಮೇತ. ಮಗಳು ತೂಕ ಕಮ್ಮಿಯೆಂದು ಗಾಜಿನ ಕೋಣೆಯಲ್ಲಿದ್ದಳು. ನಾನು ಅವಳನ್ನು ಇನ್ನೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಅತ್ತೆ ನನ್ನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಅಷ್ಟಕ್ಕೇ ಸುಮ್ಮನಿರುವ ಹೆಂಗಸೇ ಅಲ್ಲ. ವಾರ್ಡಿನ ಎಂಟು ಮಂಚಗಳನ್ನೂ ಸುತ್ತಿ ಎಲ್ಲರ ಹಣೆಗೂ ಎಳೆದು ಬಂದರು. ಆರನೆಯ ಮಂಚದವಳ ಹೊಲಿಗೆ ಕೀವಾಗಿತ್ತು. ಅವಳ ಕೈ ಕಾಲು ಸವರಿ ಸಮಾಧಾನವನ್ನೂ ಹೇಳಿದರು.

ಮರುದಿನ ಅವಳ ರಿಪೋರ್ಟು ಬಂತು: ಆಂಟಿಬಯಾಟಿಕ್ಕಿಗೆ ಬಗ್ಗದ ಕ್ರಿಮಿ. ಆ ವಾರ್ಡಿನಲ್ಲಿ ಅಂಥ ಕೇಸು ಅದು ಮೂರನೆಯದಂತೆ. ನಮಗೆಲ್ಲ ಪರೀಕ್ಷೆ; ಫಲಿತಾಂಶ ಬರುವವರೆಗೆ ಮಗುವನ್ನು ಮುಟ್ಟುವಂತಿಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ಎಲ್ಲಿ ತೂರಿಸಿದರೆಂದು ಬರೆಯಲಾರೆ. ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಹಿಡಿದುಕೊಂಡೇ ಎಂಟು ಮಂದಿಯೂ ನಕ್ಕೆವು.

ನರ್ಸಮ್ಮ ಹಾಳೆ ಹಿಡಿದು ಕೇಳುತ್ತಾ ಹೋದರು. ಮುಂಚೆ ಬೇರೆ ಆಸ್ಪತ್ರೆಯಲ್ಲಿದ್ದೆನೇ, ಮೂತ್ರದ ಪೈಪು ಎಷ್ಟು ದಿನ ಇತ್ತು, ಈಚೆಗೆ ಆಂಟಿಬಯಾಟಿಕ್ ನುಂಗಿದ್ದೆನೇ.

"ಜ್ವರಕ್ಕೆ, ಎರಡು ದಿನ," ಎಂದೆ.

"ಐದು ದಿನಕ್ಕೆ ಕೊಟ್ಟಿರ್ತಾರಲ್ಲ, ಮಿಕ್ಕಿದ್ದು?"

"ಮಿಕ್ಕಿದ್ದ ನಾನೇ ನುಂಗ್ಬುಟ್ಟೆ ಕಣಮ್ಮ, ಮಂಡಿನೋವಿಗೆ," ಎಂದರು ಅತ್ತೆ. "ದಂಡ ಯಾಕ್ ಮಾಡಾದು?"

ನರ್ಸಮ್ಮನ ಪೆನ್ನು ನಿಂತಿತು. ಕಣ್ಣು ಎಂಟು ಹಣೆಗಳ ಮೇಲೂ ಹರಿದಾಡಿತು. "ಚೇತುಲು ಕಡುಕ್ಕೋಂಡಿ ಪೆದ್ದಮ್ಮಾ," ಎಂದು ತೆಲುಗಿನಲ್ಲಿ ಕೈ ತೊಳೆಯಲು ಹೇಳಿ ನಲ್ಲಿ ತೋರಿಸಿದರು. ಮುಟ್ಟಿದ ಕೈಯಲ್ಲೇ ಕ್ರಿಮಿ ಮಂಚದಿಂದ ಮಂಚಕ್ಕೆ ಹೋಗುತ್ತದೆಂದು ಬಿಡಿಸಿ ಹೇಳಿದರು. ಅತ್ತೆಯ ಮುಖ ಸಪ್ಪಗಾಯಿತು. ನನಗೋ ಸಿಟ್ಟು ನೆತ್ತಿಗೇರಿತು. ಎರಡು ದಿನ ಅವರನ್ನು ಮಾತಾಡಿಸದೆ, ಗಾಜಿನಾಚೆ ಮಗಳು ಕಾಲಾಡಿಸುವುದನ್ನು ನೋಡುತ್ತಾ ಕೂತೆ.

ಮೂರನೆಯ ದಿನ ನನ್ನ ರಿಪೋರ್ಟು ಬಂತು. ಏನೂ ಇಲ್ಲ. ನೋವು ಗೀವು ಮರೆತು, ಕೈ ತೊಳೆದು, ಗಾಜಿನ ಕೋಣೆಗೆ ನುಗ್ಗಿದೆ. ಮಗಳನ್ನು ಎದೆಗವಚಿಕೊಂಡರೆ ನಗು ನಿಲ್ಲಲೊಲ್ಲದು, ಕಣ್ಣೀರೂ ನಿಲ್ಲಲೊಲ್ಲದು. ಅಷ್ಟು ಖುಷಿ ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅತ್ತೆ ಮಾತ್ರ ಬಾಗಿಲಾಚೆಯೇ ನಿಂತಿದ್ದರು, ಎರಡೂ ಕೈ ಸೆರಗಿನೊಳಗೆ.

"ಬ್ಯಾಡ ಕಣಮ್ಮ, ಇಲ್ಲಿಂದ್ಲೇ ನೋಡ್ತೀನಿ. ಈ ಕೈ ಸರಿಯಿಲ್ಲ."

ಸೆರಗು ಸರಿಸಿ ನೋಡಿದೆ. ತೊಳೆದೂ ತೊಳೆದೂ ಬೆರಳುಗಳು ಬಿಳಿಚಿ ಸುಲಿದಿದ್ದವು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಮಗಳನ್ನು ನರ್ಸಮ್ಮನಿಗೆ ಕೊಟ್ಟು, ಅತ್ತೆಯನ್ನು ನಲ್ಲಿಗೆ ಎಳೆದೊಯ್ದು, ಒಂದೊಂದೇ ಬೆರಳಿಗೆ ಮೆಲ್ಲಗೆ ಸೋಪು ಹಚ್ಚಿ ನಾನೇ ತೊಳೆದೆ. ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡೆ. ಮತ್ತೆ ನನ್ನ ಮಡಿಲಿಗೆ ಬಂದ ಮಗಳು ಕೈ ಬೀಸಿದವಳೇ ಅವರ ಬೆರಳೊಂದನ್ನು ಬಿಗಿಯಾಗಿ ಹಿಡಿದಳು.

ಅತ್ತೆ ಬೆರಳು ಅಲುಗಿಸದೆ ನರ್ಸಮ್ಮನ ಕಡೆ ನೋಡಿದರು.

"ನಾನೇನ್ ಮುಟ್ಟಿಲ್ಲ ಕಣಮ್ಮ. ಅವ್ಳೇ ಹಿಡ್ಕಂಡವ್ಳೆ."